ಬದುಕಿರುವವರ ಗೋಡೆ

ನಮ್ಮ ನಡುಮನೆಗೆ ನಾಲ್ಕು ಗೋಡೆಗಳಿದ್ದರೂ ಜಗಳಕ್ಕೆ ಬರುತ್ತಿದ್ದದ್ದು ಎರಡೇ. ಬೀದಿ ಬಾಗಿಲಿನಿಂದ ಒಳಗೆ ಕಾಲಿಟ್ಟರೆ ಎಡಕ್ಕೆ ಸತ್ತವರ ಗೋಡೆ. ಬಲಕ್ಕೆ, ಕಿಟಕಿ ಇದ್ದ ಕಡೆ, ಬದುಕಿರುವವರ ಗೋಡೆ. ಎದುರಿಗಿನದು ದೇವರದು. ಅಲ್ಲಿ ಯೇಸುವಿನ ತಿರುಹೃದಯದ ಪಟ, ಅದರ ಕೆಳಗೊಂದು ಹಲಗೆ, ಹಲಗೆಯ ಮೇಲೆ ಮೂಗಿನ ತುದಿಯ ಬಣ್ಣ ಎದ್ದುಹೋದ ದೇವಮಾತೆಯ ಸ್ವರೂಪ, ಕರೆಂಟು ಇದ್ದಾಗಲೆಲ್ಲ ಉರಿಯುವ ಕೆಂಪು ಬಲ್ಬು. ದೇವರು ಸತ್ತೂ ಬದುಕಿದವನಾದ್ದರಿಂದ ಅವನನ್ನು ಎರಡು ಗೋಡೆಗೂ ಸೇರಿಸುವ ಹಾಗಿಲ್ಲ, ಅವನದೇ ಬೇರೆ ಎಂದು ಅಪ್ಪ ಹೇಳುತ್ತಿದ್ದ. ಈ ವಿಂಗಡಣೆಯೂ ಅಪ್ಪನದೇ. ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೋದರೂ ಫೋಟೋಗೆ ಹಾರ ಬಿದ್ದಿದ್ದರೆ ಆ ಮನುಷ್ಯ ಇಲ್ಲ ಎಂದೇ ಅರ್ಥ, ಕೇಳುವ ಅಗತ್ಯ ಇರಲಿಲ್ಲ. ನಾವು ಚರ್ಚಿಗೆ ಹೋಗುವವರಾದರೂ ಈ ಶಾಸ್ತ್ರದಲ್ಲಿ ಬೀದಿಯವರ ಜೊತೆಯೇ. ಎಡಗೋಡೆಯವರಿಗೆಲ್ಲ ಗಂಧದ ಹಾರ, ಬಲಗೋಡೆಯವರಿಗೆ ಬರೀ ಕಟ್ಟು. ಒಂದು ಸಲ ಪಕ್ಕದ ಮನೆಯ ವೆಂಕಟಮ್ಮ ತಮ್ಮ ಹಿತ್ತಲಿನ ಕನಕಾಂಬರ ಕಟ್ಟಿಕೊಂಡು ಬಂದು, ನಿಮ್ಮ ದೇವರಿಗೂ ಇರಲಿ ಎಂದು, ಗೊತ್ತಿಲ್ಲದೆ ಬಲಗೋಡೆಯ ಮೇಲಿದ್ದ ಪೋಪರ ಪಟಕ್ಕೆ ಮುಡಿಸಿಬಿಟ್ಟರು. ಊಟಕ್ಕೆ ಕೂತಿದ್ದ ಅಪ್ಪ ಎಂಜಲು ಕೈಯಲ್ಲೇ ಎದ್ದು ಓಡಿದ.

“ಅಯ್ಯೋ ವೆಂಕಟಮ್ಮಾ, ಬದುಕಿರೋರ್ಗೆ ಹಾಕ್ಬಾರ್ದಮ್ಮಾ! ಅವ್ರಿನ್ನೂ ರೋಮಲ್ಲಿ ಚೆನ್ನಾಗಿದಾರೆ!”

“ಏನೋಪ್ಪಾ, ಬೆಳ್ಳಗೆ ದೇವ್ರಂಗೇ ಕಂಡ್ರು. ಹಾಕ್ದೆ,” ಎಂದರು ವೆಂಕಟಮ್ಮ. ಅಪ್ಪ ಹೂವನ್ನು ಎಡಗೈಯಲ್ಲಿ ತೆಗೆದು ದೇವಮಾತೆಯ ಪಾದದಲ್ಲಿಟ್ಟ. ಅವತ್ತು ಸಂಜೆ ಪೋಪರ ಆಯಸ್ಸಿಗೆಂದು ನಾವೆಲ್ಲ ಒಂದು ಜಪಸರ ಹೆಚ್ಚಿಗೆ ಹೇಳಬೇಕಾಯಿತು.

ಪೇಪರಿನವರು ಪೋಪ್ ಎಂದು ಬರೆಯುವವರನ್ನು ನನ್ನ ಅಜ್ಜಿ ಪಾಪುಸ್ವಾಮಿ ಎನ್ನುತ್ತಿದ್ದಳು. ಅಜ್ಜಿ ಎಂದರೆ ಅಪ್ಪನ ತಾಯಿ. ತೆಲುಗು ಮನೆಗಳ ರೂಢಿಯಂತೆ ನಾವು ಅವಳನ್ನು ಕರೆಯುತ್ತಿದ್ದದ್ದು ಅವ್ವ ಎಂದು. ಸತ್ತವರ ಗೋಡೆಯಲ್ಲಿ ನಮ್ಮ ತಾತನಿಗಿಂತ ಮೇಲಿನ ಸಾಲಿನಲ್ಲಿ ಹಳೆಯ ಪಾಪುಸ್ವಾಮಿಗಳು ಇದ್ದರು. ಅವರ ಹೆಸರು ಅವ್ವನಿಗೆ ಬಾಯಿಗೆ ಬರುತ್ತಿರಲಿಲ್ಲ. ಒಬ್ಬರು ಕನ್ನಡಕದ ಪಾಪುಸ್ವಾಮಿ, ಒಬ್ಬರು ದಪ್ಪ ಪಾಪುಸ್ವಾಮಿ, ಪಟ್ಟಕ್ಕೆ ಬಂದು ತಿಂಗಳೊಪ್ಪತ್ತಿನಲ್ಲಿ ಹೋಗಿಬಿಟ್ಟ ಇನ್ನೊಬ್ಬರು ನಗುಮುಖದವರು. ಎಲ್ಲರಿಗಿಂತ ಹಳೆಯದು ತಾತನ ಕಾಲದ ಕಂದುಬಣ್ಣದ ಚಿತ್ರ: ತಲೆಯ ಮೇಲೆ ಮೂರು ಅಂತಸ್ತಿನ ಕಿರೀಟ ಹೊತ್ತ ಪಾಪುಸ್ವಾಮಿಯನ್ನು ಕುರ್ಚಿಯ ಸಮೇತ ಹೆಗಲ ಮೇಲೆ ಎತ್ತಿಕೊಂಡು ಗಂಡಸರು ನಡೆಯುತ್ತಿದ್ದಾರೆ, ಅಕ್ಕಪಕ್ಕದಲ್ಲಿ ಗರಿಗಳ ದೊಡ್ಡ ಬೀಸಣಿಗೆ ಹಿಡಿದವರು. ಪಲ್ಲಕ್ಕಿ, ಚಾಮರ ಎಲ್ಲಾ ಇದೆ ನೋಡು, ನಮ್ಮೋರೇ ಕಣೇ ಎಂದು ಅವ್ವ ಬಂದವರಿಗೆಲ್ಲ ತೋರಿಸುತ್ತಿದ್ದಳು. ಅಪ್ಪನ ಕಣ್ಣು ಮಾತ್ರ ಚಿತ್ರದ ಮೂಲೆಯಲ್ಲಿರುವ ಜೋಡಿ ಬೀಗದ ಕೈಗಳ ಮೇಲೆ. ಒಂದು ಬಂಗಾರದ್ದು, ಒಂದು ಬೆಳ್ಳಿಯದು. ಯೇಸು ಪೇತ್ರನಿಗೆ ಕೊಟ್ಟದ್ದು, ಅವನಿಂದ ಇವರವರೆಗೂ ಕೈಯಿಂದ ಕೈಗೆ ಬಂದದ್ದು ಎಂದು ಹೇಳುವಾಗ ಅಪ್ಪನ ದನಿ ತಗ್ಗುತ್ತಿತ್ತು. ನನಗೆ ಅಕ್ಷರಕ್ಕಿಂತ ಮೊದಲು ಗೊತ್ತಾದದ್ದು ಈ ಗುರುತುಗಳು. ಬೀಗದ ಕೈ ಇದ್ದರೆ ಪೇತ್ರ, ಕತ್ತಿ ಇದ್ದರೆ ಪೌಲ, ತಟ್ಟೆಯಲ್ಲಿ ಕಣ್ಣುಗಳನ್ನಿಟ್ಟುಕೊಂಡು ನಿಂತಿದ್ದರೆ ಲೂಸಿಯಮ್ಮ.

ಅಪ್ಪನ ಕಸುಬು ಪಟಗಳಿಗೆ ಬಟ್ಟೆ ಉಡಿಸುವುದು. ಈಗ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ, ನರಸಾಪುರದ ಕಂಪನಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿಯರು ನಕ್ಕುಬಿಡುತ್ತಾರೆ. ಸಂತರ, ದೇವಮಾತೆಯ, ಪಾಪುಸ್ವಾಮಿಯ ಅಚ್ಚಿನ ಚಿತ್ರಗಳನ್ನು ತಂದು ರಟ್ಟಿಗೆ ಅಂಟಿಸುತ್ತಿದ್ದ. ಮುಖ, ಕೈ, ಪಾದಗಳನ್ನು ಹಾಗೇ ಬಿಟ್ಟು ಉಳಿದ ಮೈಗೆಲ್ಲ ನಿಜವಾದ ರೇಷ್ಮೆಯ ಚೂರುಗಳನ್ನು ನಿರಿಗೆ ನಿರಿಗೆಯಾಗಿ ಕತ್ತರಿಸಿ ಕೂಡಿಸುತ್ತಿದ್ದ. ಅಂಚಿಗೆ ಜರಿ, ಕಿರೀಟಕ್ಕೆ ಚಮಕಿ. ಚೂರುಗಳು ಬಜಾರಿನ ದರ್ಜಿಗಳ ಹತ್ತಿರ ರವಿಕೆ ಹೊಲಿದು ಮಿಕ್ಕಿದ್ದು. ಮೈದಾದ ಅಂಟಿಗೆ ಹುಳ ಬೀಳದಿರಲೆಂದು ಮೈಲುತುತ್ತ ಹಾಕಿ ಕುದಿಸುವುದರಿಂದ, ಒಲೆಯ ಮೇಲಿನ ಯಾವ ಪಾತ್ರೆಯಲ್ಲಿ ಊಟ ಇದೆ, ಯಾವುದರಲ್ಲಿ ವಿಷ ಇದೆ ಎಂದು ಅಮ್ಮ ದಿನವೂ ಕಿರುಚುತ್ತಿದ್ದಳು. ಬಟ್ಟೆ ಉಡಿಸಿದ ಪಟ ಬಜಾರಿನ ಮಸ್ತಾನ್ ಸಾಬರ ಅಂಗಡಿಗೆ ಹೋಗಿ ಗಾಜು, ಕಟ್ಟು ಹಾಕಿಸಿಕೊಂಡು ಬರುತ್ತಿತ್ತು. ಆಮೇಲೆ ಅಪ್ಪ ಅವನ್ನೆಲ್ಲ ಹಳೇ ಸೀರೆಯಲ್ಲಿ ಸುತ್ತಿ, ಹೆಗಲಿಗೆ ಹಾಕಿಕೊಂಡು, ಚರ್ಚಿನ ಹಬ್ಬಗಳಿರುವ ಊರೂರಿಗೆ ಬಸ್ಸು ಹತ್ತುತ್ತಿದ್ದ. ಬೇರೆ ಬಣ್ಣದ ಚೂರುಗಳಿಗೆ ಕೊರತೆ ಇರಲಿಲ್ಲ. ಬಿಳಿ ರೇಷ್ಮೆ ಮಾತ್ರ ಎಲ್ಲೂ ಸಿಗುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಬಿಳಿ ರೇಷ್ಮೆ ರವಿಕೆ ಯಾರು ಹೊಲಿಸುತ್ತಾರೆ? ಪಾಪುಸ್ವಾಮಿಗೋ ಬಿಳಿಯೇ ಆಗಬೇಕು. ಒಂದು ಮಧ್ಯಾಹ್ನ ಅಮ್ಮ ತವರಿಗೆ ಹೋಗಿದ್ದಾಗ ಅಪ್ಪ ಟ್ರಂಕು ತೆಗೆದು ಅವಳ ಮದುವೆಯ ಸೀರೆಯ ಸೆರಗನ್ನು ಕತ್ತರಿಸಿದ. ನಮ್ಮ ಹೆಣ್ಣುಮಕ್ಕಳು ಮದುವೆಗೆ ಬಿಳಿ ಸೀರೆ ಉಡುತ್ತಾರಲ್ಲ, ಅದು.

“ಬದುಕಿರೋ ಹೆಂಡ್ತಿ ಸೀರೆ ಕತ್ತರಿಸಿ ಪಟಕ್ಕೆ ಉಡಿಸಿದೀರಲ್ಲ, ನಿಮ್ಗೇನನ್ನಿಸ್ಲೇ ಇಲ್ವಾ?” ಎಂದಳು ಅಮ್ಮ, ಬಂದವಳು ಚೀಲ ಕೂಡ ಇಳಿಸದೆ.

“ಪಾಪುಸ್ವಾಮಿ ಮೈ ಮೇಲೆ ನಿನ್ನ ಸೀರೆ ಇದೆ ಅಂದ್ರೆ ಎಂಥಾ ಪುಣ್ಯ ಕಣೇ ಲೂರ್ದಮ್ಮಾ.”

“ಪುಣ್ಯ ನೀವೇ ಇಟ್ಕೊಳ್ಳಿ. ಸೆರಗು ವಾಪಸ್ ಕೊಡಿ.”

ಒಂದು ವಾರ ಅವರಿಬ್ಬರ ನಡುವೆ ಮಾತಿರಲಿಲ್ಲ. ಆದರೆ ಆ ಪಟವನ್ನು ಅಪ್ಪ ಮಾರಲಿಲ್ಲ, ಬದುಕಿರುವವರ ಗೋಡೆಗೆ ಹಾಕಿದ. ಆ ಪಾಪುಸ್ವಾಮಿ ಹಿಂದೆ ಮದ್ರಾಸಿಗೆ ಬಂದಿದ್ದಾಗ ಅಪ್ಪ ಲಾರಿಯಲ್ಲಿ ನಿಂತುಕೊಂಡು ಹೋಗಿ ದೂರದಿಂದ ನೋಡಿ ಬಂದಿದ್ದನಂತೆ. ಅಮ್ಮ ಸಿಟ್ಟು ಇಳಿದ ಮೇಲೆ ಕೆಲವು ಸಲ ಕೆಲಸದ ನಡುವೆ ಆ ಪಟದ ಮುಂದೆ ನಿಂತು ಸೀರೆಯ ಜರಿಯನ್ನೇ ನೋಡುತ್ತಿದ್ದಳು. ಪ್ರಾರ್ಥನೆ ಮಾಡುತ್ತಿದ್ದಾಳೋ ಶಪಿಸುತ್ತಿದ್ದಾಳೋ ನನಗೆ ಗೊತ್ತಾಗುತ್ತಿರಲಿಲ್ಲ.

ಕ್ರಿಸ್ಮಸ್ಸಿನ ಮರುದಿನ ಸಮುದ್ರ ಉಕ್ಕಿ ಊರುಗಳ ಮೇಲೆ ಬಂತಲ್ಲ, ಆ ವರ್ಷ ಅಪ್ಪ ಪಟಗಳ ಗಂಟು ಹೊತ್ತು ವೇಳಾಂಗಣ್ಣಿಗೆ ಹೋಗಿದ್ದ. ಅಲ್ಲಿನ ಚರ್ಚಿಗೂ ಕಡಲಿಗೂ ನಡುವೆ ಅಂಗಡಿಸಾಲು, ಅಲ್ಲಿ ನೆಲದ ಮೇಲೆ ಗೋಣಿ ಹಾಸಿ ಪ್ರತಿವರ್ಷ ಕೂರುತ್ತಿದ್ದ. ಹಬ್ಬದ ಹಿಂದಿನ ಸಾಯಂಕಾಲ ನಮ್ಮ ಬೀದಿಯ ಕಿರಾಣಿ ಅಂಗಡಿಗೆ ಫೋನು ಮಾಡಿದ್ದ. ಓಡಿಹೋಗಿ ಮಾತಾಡಿದವಳು ಅಮ್ಮ. ಪಟವೆಲ್ಲ ಮಾರಿಹೋಯಿತು, ಕ್ರಿಸ್ಮಸ್ ಪೂಜೆ ಮುಗಿಸಿಕೊಂಡು ತಿರುಚಿಗೆ ಹೋಗುತ್ತೇನೆ, ಹೊಸ ಅಚ್ಚಿನ ಚಿತ್ರಗಳನ್ನು ತೆಗೆದುಕೊಂಡು ಬರುತ್ತೇನೆ ಎಂದನಂತೆ. ಆಮೇಲೆ ಅಪ್ಪನ ದನಿ ಯಾರೂ ಕೇಳಲಿಲ್ಲ. ಟೀವಿಯಲ್ಲಿ ನೀರು ಬಂದದ್ದನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಮಾವ, ಅಂದರೆ ಅಮ್ಮನ ಅಣ್ಣ, ಶ್ರೀನಿವಾಸಪುರದಿಂದ ಬಂದು ಅಪ್ಪನ ಒಂದು ಚಿಕ್ಕ ಫೋಟೋ ಜೇಬಿಗೆ ಹಾಕಿಕೊಂಡು ಹುಡುಕಲು ಹೋದ. ಅಲ್ಲಿ ಗುರುತು ಸಿಕ್ಕದ ಹೆಣಗಳ ಫೋಟೋ ತೆಗೆದು ಗೋಡೆಗೆ ಅಂಟಿಸಿದ್ದರಂತೆ. ಹೆಣಗಳನ್ನು ಆಗಲೇ ಒಟ್ಟಿಗೆ ಮಣ್ಣು ಮಾಡಿಯಾಗಿತ್ತು. ಮಾವ ಆ ಗೋಡೆಯ ಮುಂದೆ ಇಡೀ ದಿನ ನಿಂತಿದ್ದು ವಾಪಸ್ಸು ಬಂದ. ಇಲ್ಲ ಅನ್ನುವುದಕ್ಕೂ ಆಗಲ್ಲ, ಇದಾರೆ ಅನ್ನುವುದಕ್ಕೂ ಆಗಲ್ಲ, ಮುಖಗಳೆಲ್ಲ ಊದಿಕೊಂಡು ಒಂದೇ ಥರ ಇದ್ದವು ಎಂದ. ಎಷ್ಟೋ ದಿನ ಅವನು ಯಾರ ಫೋಟೋದ ಕಡೆಗೂ ಮುಖ ಎತ್ತಿ ನೋಡುತ್ತಿರಲಿಲ್ಲ.

ಮಾವ ಒಯ್ದಿದ್ದ ಆ ಚಿಕ್ಕ ಫೋಟೋವನ್ನು ಅಮ್ಮ ಕೋಲಾರದ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದಳು. ದೊಡ್ಡದು ಮಾಡಿದಾಗ ಅಪ್ಪನ ಕಣ್ಣಂಚು ಮಸುಕಾಗಿ, ಯಾರನ್ನೋ ಗುರುತು ಹಿಡಿಯಲು ಕಷ್ಟಪಡುತ್ತಿರುವವನ ಹಾಗೆ ಕಂಡ. ಅದಕ್ಕೆ ಕಟ್ಟು ಹಾಕಿಸಿ, ಬದುಕಿರುವವರ ಗೋಡೆಯಲ್ಲಿ, ತನ್ನ ಸೆರಗು ಉಟ್ಟ ಪಾಪುಸ್ವಾಮಿಯ ಪಕ್ಕದಲ್ಲಿ ಮೊಳೆ ಹೊಡೆದು ನೇತುಹಾಕಿದಳು. ಸುತ್ತಿಗೆ ಏಟು ಕೇಳಿ ಅಡುಗೆಮನೆಯಿಂದ ಹೊರಗೆ ಬಂದ ಅವ್ವ ಫೋಟೋ ಯಾವ ಕಡೆಗಿದೆ ಎಂದು ನೋಡಿದಳು. ಮತ್ತೆ ಒಳಗೆ ಹೋದಳು. ಹೇಳುವುದೆಲ್ಲ ತಪಸ್ಸುಕಾಲ ಶುರುವಾದ ಮೇಲೆ ಹೇಳಿದಳು.

ಯೇಸು ಸಾವಿನಿಂದ ಎದ್ದುಬಂದ ಪಾಸ್ಖ ಹಬ್ಬಕ್ಕೆ ಮುಂಚಿನ ಆ ಉಪವಾಸದ ದಿನಗಳಲ್ಲಿ ನಮ್ಮ ಮನೆಯಲ್ಲಿ ಮಾಂಸವಿಲ್ಲ, ಒಗ್ಗರಣೆಗೂ ಎಣ್ಣೆ ಅಷ್ಟಕ್ಕಷ್ಟೇ. ರಾಗಿ ಮುದ್ದೆ, ಹುರುಳಿ ಸಾರು. ಕೊನೆಯ ವಾರಗಳಲ್ಲಿ ಚರ್ಚಿನ ಸ್ವರೂಪಗಳಿಗೆಲ್ಲ ನೇರಳೆ ಬಟ್ಟೆಯ ಮುಸುಕು ಹಾಕುತ್ತಾರೆ. ಹಾಗೇ ಅಪ್ಪ ಮನೆಯ ಪಟಗಳಿಗೂ ಹಾಕುತ್ತಿದ್ದ. ಆ ವರ್ಷ ಅಮ್ಮ ಹಾಕಿದಳು. ಪಾಪುಸ್ವಾಮಿಗಳು, ಸಂತರು, ತಾತ, ಎಲ್ಲರೂ ಮರೆಯಾದರು. ಅಪ್ಪನ ಫೋಟೋ ಮಾತ್ರ ಮುಸುಕಿಲ್ಲದೆ ಉಳಿಯಿತು. ನೇರಳೆ ಬಟ್ಟೆಗಳ ನಡುವೆ ಅದೊಂದೇ ಮುಖ. ಉಣ್ಣುವಾಗ, ಓದುವಾಗ, ತಲೆ ಬಾಚಿಕೊಳ್ಳುವಾಗ ಅದು ನಮ್ಮನ್ನು ನೋಡುತ್ತಿತ್ತು.

ಅವ್ವನಿಗೆ ಇನ್ನೊಂದು ಚಿತ್ರದ ಕಾಟ ಇತ್ತು. ಅಪ್ಪ ಉಡಿಸದೆ ಬಿಟ್ಟುಹೋಗಿದ್ದ ಅಚ್ಚುಗಳಲ್ಲಿ ಶುದ್ಧೀಕರಣದ ಬೆಂಕಿಯದೊಂದಿತ್ತು. ಸ್ವರ್ಗಕ್ಕೆ ಹೋಗಬೇಕಾದ ಆತ್ಮಗಳು ಅದಕ್ಕೂ ಮುಂಚೆ ತಮ್ಮ ಕೊಳೆ ಸುಟ್ಟುಕೊಳ್ಳುವ ಜಾಗ. ಸೊಂಟದವರೆಗೂ ಉರಿಯಲ್ಲಿ ಮುಳುಗಿದ ಗಂಡಸರು ಹೆಂಗಸರು ಎರಡೂ ಕೈ ಮೇಲೆತ್ತಿದ್ದಾರೆ, ಮೇಲಿನಿಂದ ಒಬ್ಬ ದೇವದೂತ ಬಗ್ಗಿ ಒಬ್ಬನ ಮಣಿಕಟ್ಟು ಹಿಡಿದು ಎಳೆದುಕೊಳ್ಳುತ್ತಿದ್ದಾನೆ. ಭೂಮಿಯ ಮೇಲೆ ಅವನಿಗಾಗಿ ಯಾರೋ ಚರ್ಚಿನಲ್ಲಿ ಪೂಜೆ ಇಡಿಸಿದ್ದಾರೆ ಎಂದು ಅದರ ಅರ್ಥ. ಪೂಜೆ ಇಡಿಸದವರ ಕೈಗಳು ಹಾಗೇ ಮೇಲೆತ್ತಿಕೊಂಡೇ ಇರುತ್ತವೆ. ಅವ್ವ ಆ ಅಚ್ಚನ್ನು ತಲೆದಿಂಬಿನ ಕೆಳಗಿಟ್ಟುಕೊಂಡಿದ್ದಳು. ಹಗಲು ಹೊತ್ತಿನಲ್ಲಿ ಹೊಸಿಲ ಹತ್ತಿರ ಬೆಳಕಿಗೆ ಹಿಡಿದು, ಉರಿಯ ಹಿಂದಿನ ಸಾಲಿನಲ್ಲಿ ಅಷ್ಟು ಸ್ಪಷ್ಟವಾಗಿ ಮೂಡದ ಒಂದು ಮುಖವನ್ನು ತೋರಿಸಿ, ಇವನ ಹಣೆ ನೋಡೇ, ಚಿನ್ನಪ್ಪನ ಥರ ಇಲ್ವಾ ಎಂದು ನನ್ನನ್ನು ಕೇಳುತ್ತಿದ್ದಳು. ಚಿನ್ನಪ್ಪ ಅಂದರೆ ಅಪ್ಪ.

“ಲೂರ್ದಮ್ಮಾ, ಸ್ವಾಮಿಯೋರ ಹತ್ರ ಹೋಗಿ ಹೆಸ್ರು ಕೊಟ್ಟು ಬಾರೇ. ಒಂದು ಪೂಜೆ ಆಗ್ಲಿ ಅವನಿಗೆ.”

“ಸತ್ತೋರಿಗೆ ಇಡ್ಸೋ ಪೂಜೆ ಅದು ಅತ್ತೆ.”

“ನೀರು ಕುಡ್ದು ಸತ್ತೋನು ಈಗ ಬೆಂಕೀಲಿ ನಿಂತಿದಾನೆ. ನಾವಿಲ್ಲಿ ಮುದ್ದೆ ನುಂಗ್ತಾ ಕೂತಿದೀವಿ.”

“ಅವ್ರು ತಿರುಚಿಗೆ ಹೋಗ್ತೀನಿ ಅಂದ್ರು. ನನ್ನ ಕಿವಿಗೇ ಹೇಳಿದ್ರು.”

“ಅವತ್ತು ಭಾನುವಾರ ಕಣೇ! ಭಾನುವಾರದ ಪೂಜೆ ಬಿಟ್ಟು ಬಸ್ ಹತ್ತೋನಲ್ಲ ನನ್ನ ಮಗ. ಅಂಥೋನಾಗಿ ಬೆಳೆಸಿಲ್ಲ ನಾನು.”

“ಹತ್ತಿರ್ತಾರೆ. ಶನಿವಾರಾನೇ ಹತ್ತಿರ್ತಾರೆ.”

“ಹತ್ತಿದ್ರೆ ಎಲ್ಲೇ? ಎಲ್ಲಿದಾನೆ?”

ಇದಕ್ಕೆ ಅಮ್ಮನ ಹತ್ತಿರ ಇದ್ದದ್ದು ಸಿನಿಮಾದ ಉತ್ತರ. ಎಲ್ಲೋ ತಲೆಗೆ ಪೆಟ್ಟಾಗಿರಬಹುದು, ನೆನಪು ಹೋಗಿರಬಹುದು, ಯಾವುದೋ ಆಸ್ಪತ್ರೆಯಲ್ಲಿರಬಹುದು. ಅದು ಎಷ್ಟು ಬಡ ಉತ್ತರ ಎಂದು ಅವಳಿಗೂ ಗೊತ್ತಿತ್ತು. ಅದಕ್ಕೇ ಅದನ್ನು ಹೇಳಿದ ಕೂಡಲೇ ದನಿ ಏರಿಸುತ್ತಿದ್ದಳು, ಏರಿಸಿದ ದನಿಗೆ ಅವ್ವ ಇನ್ನಷ್ಟು ಏರಿಸುತ್ತಿದ್ದಳು. ಮಾತಿಗೆ ಮಾತು ಬೆಳೆದು ಮುದ್ದೆ ತಟ್ಟೆಯಲ್ಲೇ ಆರುತ್ತಿತ್ತು. ಅವ್ವ ಹೋಗಿ ಫಾದರನ್ನು ಕೇಳಿದಳು. ಅವರು ಮೃದು ಮನುಷ್ಯ, ಇಬ್ಬರಿಗೂ ನೋವಾಗದಿರಲೆಂದು ಪೂಜೆಯಲ್ಲಿ ಅಪ್ಪನ ಹೆಸರು ಹೇಳಿ “ಕಾಣೆಯಾದವರಿಗಾಗಿ” ಎಂದು ಪ್ರಾರ್ಥಿಸಿದರು. ಕಾಣೆಯಾಗೋದು ಆಡು ಮೇಕೆ, ನನ್ನ ಮಗ ಅಲ್ಲ ಎಂದು ಅವ್ವ ಬೈದುಕೊಂಡು ಬಂದಳು. ಅಲ್ಲಿ ಅಪ್ಪನ ಹೆಸರು ಹೇಳುವ ಅಗತ್ಯ ಏನಿತ್ತು ಎಂದು ಅಮ್ಮನಿಗೂ ಮುನಿಸು. ಒಂದಂತೂ ನಿಜ, ಈ ತಿಂಗಳುಗಳಲ್ಲಿ ಇಬ್ಬರೂ ಅಳಲಿಲ್ಲ. ಅತ್ತರೆ ಅಪ್ಪ ಸತ್ತಿದ್ದಾನೆಂದು ಒಪ್ಪಿಕೊಂಡಂತೆ ಎಂದು ಅಮ್ಮ ಅಳಲಿಲ್ಲ. ಸೊಸೆಯ ಮುಂದೆ ತಾನೊಬ್ಬಳೇ ಹೇಗೆ ಅಳುವುದು ಎಂದು ಅವ್ವನೂ ಕಣ್ಣು ಒಣಗಿಸಿಕೊಂಡೇ ಇದ್ದಳು. ಊರು ಮಾತ್ರ ನಮ್ಮನ್ನು ಕಾಯಲಿಲ್ಲ. ಚಿನ್ನಪ್ಪ ಸಮುದ್ರದಲ್ಲಿ ಹೋದ ಎಂಬ ಮಾತು ಬಜಾರಿನಲ್ಲಿ ಆಗಲೇ ಗಟ್ಟಿಯಾಗಿತ್ತು.

ಮನೆಯಲ್ಲಿ ನನ್ನ ಪಾಡು ಅತ್ತ ದರಿ, ಇತ್ತ ಪುಲಿ. ಅವ್ವನ ಹತ್ತಿರ ಮಲಗಿದಾಗ, ಹೌದು, ಆ ಹಣೆ ಅಪ್ಪನದೇ ಎನ್ನಬೇಕು. ಅಮ್ಮನ ಜೊತೆ ನೀರಿಗೆ ಹೋದಾಗ, ತಿರುಚಿ ಎಷ್ಟು ದೊಡ್ಡ ಊರು, ಅಲ್ಲಿ ಎಷ್ಟು ಆಸ್ಪತ್ರೆ ಇರಬಹುದು ಎಂದು ಕೇಳಬೇಕು. ಎರಡು ಗೋಡೆಗೂ ಸಲ್ಲುವ ಮಾತನ್ನು ಆಡುವುದು ನಾನು ಕಲಿತದ್ದು ಆಗ. ಇವತ್ತಿಗೂ ಯಾರಾದರೂ ನೇರವಾಗಿ ನಿನಗೇನನಿಸುತ್ತೆ ಎಂದು ಕೇಳಿದರೆ ಕೇಳಿದವರ ಮುಖ ನೋಡಿ ಉತ್ತರ ಹುಡುಕುತ್ತೇನೆ. ನನ್ನ ಗಂಡನಿಗೆ ಇದರಿಂದ ರೋಸಿಹೋಗಿದೆ. ಆ ವಯಸ್ಸಿನಲ್ಲಿ ನನಗೆ ಅಪ್ಪ ಬೇಕಾಗಿದ್ದ, ಅಷ್ಟೇ. ಸತ್ತ ಅಪ್ಪನಾದರೂ ಸರಿ, ಬದುಕಿರುವ ಅಪ್ಪನಾದರೂ ಸರಿ, ಯಾವುದಾದರೂ ಒಂದು ಗೋಡೆಯಲ್ಲಿ ನೆಲೆ ನಿಂತ ಅಪ್ಪ. ಅದನ್ನು ಯಾರ ಹತ್ತಿರ ಹೇಳುವುದು?

ಪಾಸ್ಖ ಕಳೆದು ಮುಸುಕು ತೆಗೆದ ಮರುವಾರವೇ ರೋಮಿನಲ್ಲಿ ಪಾಪುಸ್ವಾಮಿ ತೀರಿಕೊಂಡರು. ಮಣ್ಣು ಮಾಡುವ ದಿನ ನಾವು ಟೀವಿ ನೋಡಲು ಮಧ್ಯಾಹ್ನ ವೆಂಕಟಮ್ಮನವರ ಮನೆಗೆ ಹೋದೆವು. ಮೊದಲು ಅವರನ್ನು ಮಲಗಿಸಿಟ್ಟಿದ್ದ ದೃಶ್ಯಗಳನ್ನು ತೋರಿಸಿದರು. ಬಿಳಿ ಅಲ್ಲ, ಕೆಂಪು ಉಡುಪು. ತಲೆಗೆ ಬಿಳಿಯ ಎತ್ತರದ ಟೋಪಿ. ತೋಳಿನ ಸಂದಿಯಲ್ಲಿ ಕೋಲು. ಮೇಲೆ ಚಿನ್ನದ ಬಣ್ಣದ ಕಮಾನುಗಳು, ಬಣ್ಣದ ಕಲ್ಲಿನ ನೆಲ, ಅಪ್ಪ ಅಚ್ಚುಗಳಲ್ಲಿ ಬೆರಳಿಟ್ಟು ತೋರಿಸುತ್ತಿದ್ದ ಸುರುಳಿ ಸುರುಳಿಯಾದ ಕಂಬಗಳು. ಜನ ಸಾಲಿನಲ್ಲಿ ಬಂದು ಬಂದು ಆ ಮುಖ ನೋಡಿ ಹೋಗುತ್ತಿದ್ದರು. ಅವ್ವ ನೆಲದ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಿದ್ದವಳು ಇದ್ದಕ್ಕಿದ್ದಂತೆ ಜೋರಾಗಿ ಅಳತೊಡಗಿದಳು. ಪಾಪುಸ್ವಾಮಿಗೆ ಅತ್ತರೆ ಸೊಸೆ ಏನೂ ಅನ್ನುವ ಹಾಗಿಲ್ಲವಲ್ಲ. ವೆಂಕಟಮ್ಮ ಸಮಾಧಾನ ಮಾಡಿದರು.

“ವಯಸ್ಸಾಗಿತ್ತಲ್ಲಮ್ಮಾ, ಪುಣ್ಯವಂತ್ರು. ಎಷ್ಟು ಜನ ಸೇರಿದಾರೆ ನೋಡು.”

“ಜನ ಅಲ್ಲ ವೆಂಕಟಮ್ಮಾ,” ಎಂದಳು ಅವ್ವ. “ಅವ್ರಿಗೆ ಹೆಣ ಇದೆ.”

ಅಮ್ಮ ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಅವಳ ಕೈ ನನ್ನ ಭುಜದ ಮೇಲಿತ್ತು, ಆ ಕೈ ಎಷ್ಟು ಬಿಗಿಯಾಯಿತೆಂದರೆ ನನಗೆ ನೋವಾಯಿತು. ಮನೆಗೆ ಬಂದ ಮೇಲೆ ಪಾಪುಸ್ವಾಮಿಯ ಪಟವನ್ನು ಎಡಗೋಡೆಗೆ ಸಾಗಿಸಬೇಕಿತ್ತು. ಅಪ್ಪ ಇದ್ದಿದ್ದರೆ ಅದಕ್ಕೊಂದು ಪ್ರಾರ್ಥನೆ, ಊದುಬತ್ತಿ ಎಲ್ಲ ಇರುತ್ತಿತ್ತು. ಅಮ್ಮ ಸುಮ್ಮನೆ ಸ್ಟೂಲು ಹತ್ತಿ ಪಟವನ್ನು ಮೊಳೆಯಿಂದ ಎತ್ತಿದಳು. ಹಿಂದುಗಡೆಯ ರಟ್ಟು ಪುಡಿಪುಡಿಯಾಗಿ ಅವಳ ಮೈ ಮೇಲೆ ಉದುರಿತು. ಗೆದ್ದಲು. ಗೋಡೆಯಿಂದ ಬಂದ ಗೆದ್ದಲು ಪಕ್ಕದಲ್ಲಿದ್ದ ಅಪ್ಪನ ಫೋಟೋದ ರಟ್ಟನ್ನೂ ಹಿಡಿದಿತ್ತು. ಮುಖಕ್ಕೆ ಇನ್ನೂ ಬಂದಿರಲಿಲ್ಲ. ಪಾಪುಸ್ವಾಮಿಯ ಮೈಮೇಲಿನ ಸೆರಗಿನ ಕೆಳ ಅಂಚು ಮಾತ್ರ ಜಾಲರಿಯಾಗಿತ್ತು. ಎರಡನ್ನೂ ಕೂಡಲೇ ಮಸ್ತಾನ್ ಸಾಬರ ಅಂಗಡಿಗೆ ಕೊಡುವುದೆಂದಾಯಿತು. ಹೊಸ ರಟ್ಟು, ಹೊಸ ಕಟ್ಟು. ಪಾಪುಸ್ವಾಮಿಗೆ ಗಂಧದ ಹಾರ. ಅಮ್ಮನೇ ಒಯ್ದು ಕೊಟ್ಟು, ಅವರ ಎದುರಿಗೆ ಪಾಪುಸ್ವಾಮಿಯ ಪಟವನ್ನು ಮುಟ್ಟಿ ತೋರಿಸಿ, ಇದಕ್ಕೆ ಹಾರ ಎಂದು ಹೇಳಿ ಬಂದಳು. ಆ ಮೇಲೆ ಕೆಲವು ದಿನ ಬಲಗೋಡೆಯಲ್ಲಿ ಎರಡು ಬರೀ ಮೊಳೆಗಳಿದ್ದವು. ನಮ್ಮ ಮನೆಯಲ್ಲಿ ಜಗಳ ಆಗದೆ ಹೋದ ದಿನಗಳು ಅವು.

ಮಸ್ತಾನ್ ಸಾಬರು ಅಪ್ಪನಿಗಿಂತ ದೊಡ್ಡವರು. ಲಕ್ಷ್ಮಿ, ಸರಸ್ವತಿ, ಮೆಕ್ಕಾ, ತಿರುಹೃದಯ, ಊರಿನ ಸತ್ತ ಹಿರಿಯರು, ಎಲ್ಲರಿಗೂ ಅವರ ಅಂಗಡಿಯಲ್ಲೇ ಕಟ್ಟು. ಅಪ್ಪ ಬಟ್ಟೆ ಉಡಿಸಿದ ಪಟಗಳನ್ನು ಅಳತೆಗೆ ಇಟ್ಟುಕೊಂಡು ಅವರಿಬ್ಬರೂ ಮಧ್ಯಾಹ್ನವೆಲ್ಲ ಟೀ ಕುಡಿಯುತ್ತ ಹರಟುತ್ತಿದ್ದರು. ಒಂದು ಸಾಯಂಕಾಲ ಅವರೇ ಸೈಕಲ್ಲಿನ ಕ್ಯಾರಿಯರಿಗೆ ಎರಡೂ ಕಟ್ಟುಗಳನ್ನು ಪೇಪರಿನಲ್ಲಿ ಸುತ್ತಿ ಬಿಗಿದು ತಂದರು. ಅಮ್ಮ ನಡುಮನೆಯಲ್ಲಿ ಕೂತು, ಮಾವ ಶ್ರೀನಿವಾಸಪುರದಿಂದ ಕಳಿಸಿದ್ದ ಮಾವಿನಕಾಯಿಯನ್ನು ಉಪ್ಪಿನಕಾಯಿಗೆ ಹೆಚ್ಚಿ ಹೆಚ್ಚಿ ಉಪ್ಪು, ಖಾರ ಬೆರೆಸುತ್ತಿದ್ದಳು. ಅವ್ವ ಗೊರಟ ಬೇರೆ ಮಾಡುತ್ತಿದ್ದಳು. ಸಾಬರು ಚಪ್ಪಲಿ ಬಿಟ್ಟು ಒಳಗೆ ಬಂದು ಮೊದಲು ಪಾಪುಸ್ವಾಮಿಯ ಪಟ ಬಿಚ್ಚಿದರು. ಒಳ್ಳೆಯ ಹಾರ, ದಪ್ಪನೆಯದು. ಅವ್ವ ಕೈ ಒರೆಸಿಕೊಂಡು ಗಾಜು ಮುಟ್ಟಿ ಮುತ್ತಿಟ್ಟುಕೊಂಡಳು. ಆಮೇಲೆ ಸಾಬರು ಎರಡನೆಯದರ ಪೇಪರು ಬಿಚ್ಚಿ, ಅಪ್ಪನ ಮುಖವನ್ನು ನಮ್ಮ ಕಡೆಗೆ ತಿರುಗಿಸಿ, ಗೋಡೆಗೆ ಒರಗಿಸಿ ಇಟ್ಟರು. ಅದಕ್ಕೂ ಹಾರ ಇತ್ತು.

ಗಂಧದ ವಾಸನೆ ಮಾವಿನಕಾಯಿಯ ಹುಳಿ ವಾಸನೆಯ ಜೊತೆ ಸೇರಿತು. ನಾನು ಅಮ್ಮನ ಮುಖ ನೋಡಿದೆ. ಸಾಬರು ತಲೆ ತಗ್ಗಿಸಿಕೊಂಡು ನಿಂತಿದ್ದರು.

“ಇದು ನನ್ನ ಕಡೆಯಿಂದಮ್ಮಾ,” ಎಂದರು. “ನೀವು ಹೇಳ್ಲಿಲ್ಲ, ನಂಗೊತ್ತು. ಹೇಳಕ್ಕೆ ನಿಮ್ಗೆ ಬಾಯಿ ಬರಲ್ಲ. ಚಿನ್ನಪ್ಪ ನಂಗೆ ದೋಸ್ತು. ಅವ್ನಿಗೆ ಮಣ್ಣು ಹಾಕಕ್ಕೂ ಆಗ್ಲಿಲ್ಲ, ಇದಾದ್ರೂ ನಾನೇ ಹಾಕೋಣ ಅಂತ...”

ಎದ್ದದ್ದು ಅವ್ವ. ಕೈಲಿದ್ದ ಗೊರಟಗಳು ಚೆಲ್ಲಿದವು. ಅಷ್ಟು ದಿನ ಪೂಜೆ ಪೂಜೆ ಎಂದು ಮನೆಯನ್ನು ತಲೆಯ ಮೇಲೆ ಹೊತ್ತವಳು, ಉರಿಯಲ್ಲಿ ಮಗನ ಹಣೆ ಹುಡುಕಿದವಳು, ಈಗ ಫೋಟೋದ ಮುಂದೆ ಕುಸಿದು ಎರಡೂ ಕೈಯಿಂದ ಆ ಹಾರವನ್ನು ಕಿತ್ತಳು. ದಾರ ಗಟ್ಟಿಯಾಗಿತ್ತು, ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು. ಹಾರ ಕಿತ್ತು ಕೈಗೆ ಬಂತು, ಗಂಧದ ಚಕ್ಕೆಗಳು ನೆಲದ ಮೇಲೆ ಚೆಲ್ಲಾಡಿದವು.

“ಅಯ್ಯೋ ನಾ ಕೊಡುಕಾ, ನನ್ನ ಮಗನೇ! ಯಾರೋ ಹಾಕಿದ್ದು ನನ್ನ ಮಗನಿಗೆ ಇದನ್ನ? ಬೇಡ, ನಂಗೆ ಪೂಜೆ ಬೇಡ, ಏನೂ ಬೇಡ! ತಿರುಚೀಲಿದಾನೆ ಅವ್ನು!”

ಸಾಬರು ಗಾಬರಿಯಾಗಿ, ತಪ್ಪಾಯ್ತಮ್ಮಾ, ತಪ್ಪಾಯ್ತು ಎನ್ನುತ್ತ ಗೋಡೆಗೆ ಅಂಟಿಕೊಂಡರು. ಅಮ್ಮ ಈಳಿಗೆಮಣೆ ಮಡಚಿಟ್ಟು, ನಿಧಾನವಾಗಿ ಎದ್ದು ಬಂದು ಅವ್ವನ ಪಕ್ಕದಲ್ಲಿ ಕೂತಳು. ಅವಳ ಮುಖದಲ್ಲಿ ನಾನು ಕಾಯುತ್ತಿದ್ದ ಸಿಟ್ಟು ಇರಲಿಲ್ಲ.

“ಅತ್ತೆ, ನೀವೇ ಅಲ್ವಾ ಕೇಳ್ತಿದ್ದಿದ್ದು? ದಿನಾ ಕೇಳ್ತಿದ್ರಲ್ಲಾ?”

“ಕೇಳ್ತಿದ್ದೆ ಕಣೇ. ನೀನು ಆಗಲ್ಲ ಅಂತಿದ್ದೆಯಲ್ಲ, ಅದಕ್ಕೇ ಕೇಳ್ತಿದ್ದೆ.” ಅವ್ವ ಅಮ್ಮನ ಮೊಣಕೈ ಹಿಡಿದು ಅಲ್ಲಾಡಿಸಿದಳು. “ಈಗ್ಲೂ ಅನ್ನು. ಆಗಲ್ಲ ಅನ್ನೇ ತಾಯೀ. ಸಾಬ್ರಿಗೆ ಹೇಳು, ಅವ್ರು ತಿರುಚಿಗೆ ಹೋಗಿದಾರೆ ಅಂತ ಹೇಳು!”

ಅಮ್ಮ ಬಾಯಿ ತೆರೆದಳು. ಆ ಮಾತು ಬರುತ್ತದೆಂದು ನಾನೂ ಕಾದೆ. ಅವಳು ಅಪ್ಪನ ಫೋಟೋ ನೋಡಿದಳು, ಅವ್ವನ ಮಡಿಲಲ್ಲಿದ್ದ ಹಾರ ನೋಡಿದಳು.

“ನಂಗೂ ಸಾಕಾಯ್ತು ಅತ್ತೆ,” ಎಂದಳು.

ಹಾರವನ್ನು ತೆಗೆದುಕೊಂಡು ಕಿತ್ತುಹೋದ ದಾರಕ್ಕೆ ಗಂಟು ಹಾಕಿದಳು. ಉಪ್ಪು, ಖಾರ ಮೆತ್ತಿದ ಕೈ, ಗಂಟು ಮತ್ತೆ ಮತ್ತೆ ಜಾರಿತು. ಕೊನೆಗೆ ನಿಂತಿತು. ಅವಳು ಅದನ್ನು ಫೋಟೋಗೆ ಹಾಕುವಾಗ ಅವ್ವ ತಡೆಯಲಿಲ್ಲ, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡಳು. ಹಾಕಿದ ಮೇಲೆ ಅಮ್ಮನ ಗಂಟಲಿನಿಂದ ಒಂದು ಸದ್ದು ಬಂತು. ನಾನು ಅವಳಿಂದ ಅಂಥ ಸದ್ದು ಕೇಳಿರಲಿಲ್ಲ. ಅವ್ವ ತಿರುಗಿ ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡಳು, ಇಬ್ಬರೂ ಸೇರಿ ಅತ್ತರು. ನಾನೂ ಅವರ ಬೆನ್ನಿಗೆ ಆತುಕೊಂಡು ಅತ್ತುಬಿಟ್ಟೆ. ನಮ್ಮ ಅಳು ಬೀದಿಗೆ ಕೇಳಿ ಅಕ್ಕಪಕ್ಕದವರು ಬಾಗಿಲಲ್ಲಿ ಸೇರಿದರು. ಎಲ್ಲರಿಗಿಂತ ಮುಂದೆ ಒಳಗೆ ಬಂದವರು ವೆಂಕಟಮ್ಮ.

“ಏನಾಯ್ತೇ ಲೂರ್ದಮ್ಮಾ? ಯಾರ್ಗೇನಾಯ್ತೇ?”

“ನಮ್ಮೆಜಮಾನ್ರು ಹೋಗ್ಬಿಟ್ರು ವೆಂಕಟಮ್ಮಾ.”

ಅಪ್ಪ ಹೋದನೆಂದು ಡಿಸೆಂಬರಿನಿಂದಲೂ ಊರೆಲ್ಲ ಆಡಿಕೊಳ್ಳುತ್ತಿತ್ತು, ವೆಂಕಟಮ್ಮನವರೂ ಆಡಿದ್ದರು. ಆದರೂ ಅವರು ಗೊತ್ತು ಅನ್ನಲಿಲ್ಲ. ಮೊಣಕಾಲೂರಿ ಅಮ್ಮನ ಪಕ್ಕದಲ್ಲಿ ಕೂತರು, ಅವಳ ಉಪ್ಪಿನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ಸಾವಿನ ಮನೆಗೆ ಬಂದವರು ಕೇಳುವ ಹಾಗೆ ಮೆಲ್ಲಗೆ ಕೇಳಿದರು:

“ಯಾವಾಗಮ್ಮಾ?”

“ಈಗ,” ಎಂದಳು ಅಮ್ಮ.